ಒಂಬತ್ತು ಮಹಡಿಯ ದೊಡ್ಡವ್ವ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನನಗೆ ಆ ಭಯವಿಲ್ಲ. ಸತ್ತವಳ ಬಗ್ಗೆ ನನ್ನಲ್ಲಿ ಕೆಟ್ಟದ್ದೇನೂ ಇಲ್ಲ, ಇರುವುದೆಲ್ಲ ಬದುಕಿರುವವರ ಬಗ್ಗೆ. ಆ ಬದುಕಿರುವವರಲ್ಲಿ ನಾನೂ ಒಬ್ಬಳು.

ಹೋದ ತಿಂಗಳು ಕೊಪ್ಪಳದ ನಮ್ಮ ಕಚೇರಿಯಲ್ಲಿ ಕೂತಿದ್ದಾಗ ಹನುಮಸಾಗರದಿಂದ ಫೋನು ಬಂತು. "ನಮ್ಮತ್ತಿ, ಬೆಂಗಳೂರಾಕಿ, ತೀರಿಕೊಂಡಳ್ರಿ. ನಿಮ್ಮ ನಂಬರ ಗ್ವಾಡಿ ಮ್ಯಾಲ ಬರಿಸಿ ಇಟ್ಟಿದ್ಲು, ಅದಕ್ಕ ಹಚ್ಚಿದೆ," ಎಂದ ಆಕೆಯ ಅಣ್ಣನ ಮಗ. ರಜೆ ಹಾಕಿ ಕುಷ್ಟಗಿಯ ಬಸ್ಸು ಹಿಡಿದೆ, ಅಲ್ಲಿಂದ ಇನ್ನೊಂದು ಬಸ್ಸು. ಮಣ್ಣು ಮಾಡುವ ಹೊತ್ತಿಗೆ ಮುಟ್ಟಿದೆ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡ್ಯಾಡಿ ಅಳುತ್ತಾರೆ. ಸತ್ತವರು ಏನು ಮಾಡಿದ್ದರು, ಯಾರಿಗೆ ಏನು ಕೊಟ್ಟಿದ್ದರು, ಇನ್ನು ಯಾರು ಕೊಡುತ್ತಾರೆ, ಎಲ್ಲವನ್ನೂ ಸಾಲು ಕಟ್ಟಿ ಹೇಳಿ ಅಳುತ್ತಾರೆ. ಆವತ್ತು ಹನುಮಸಾಗರದ ಹೆಂಗಸರಿಗೆ ಸಾಲು ಸಿಗಲಿಲ್ಲ. "ಬೆಂಗಳೂರಾಕಿ ಹೋದ್ಯಲ್ಲಬೇ" ಎಂದು ಒಬ್ಬಾಕೆ ದನಿ ತೆಗೆದಳು, ಮುಂದಿನದು ಹೊಳೆಯದೆ ಸೆರಗು ಬಾಯಿಗೆ ಹಿಡಿದು ಸುಮ್ಮನಾದಳು. ಮೂವತ್ತು ವರ್ಷ ಊರಲ್ಲಿ ಇರದವಳ ಗುಣ ಅವರಿಗೆ ಹೇಗೆ ಗೊತ್ತಿರಬೇಕು? ನನಗೆ ಗೊತ್ತಿತ್ತು. ಆದರೆ ನಾನು ಬಾಯಿ ತೆರೆಯಲಿಲ್ಲ. ಬಾಯಿ ತೆರೆಯದೆ ಇರುವುದು ನನಗೆ ಹಳೆಯ ಅಭ್ಯಾಸ.

ನಾನು ಯಲಬುರ್ಗಾದವಳು. ಸರ್ಕಾರಿ ನೌಕರಿಯ ಮೇಲೆ ಬೆಂಗಳೂರಿಗೆ ಹೋಗಿ, ಒಂಬತ್ತು ಮಹಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದೆ. ಸೇರಿದ ವಾರದಲ್ಲೇ ಲಿಫ್ಟಿನ ಮುಂದೆ ನಿಂತು ಫೋನಿನಲ್ಲಿ ನಮ್ಮವ್ವನ ಜೊತೆ ಜಗಳಾಡುತ್ತಿದ್ದೆ. ಜಗಳಕ್ಕೆ ನನಗೆ ಊರ ಮಾತೇ ಬೇಕು. ನೆಲ ಒರೆಸುತ್ತಿದ್ದ ಹೆಂಗಸು ಕೋಲಿಗೆ ಗದ್ದ ಊರಿ ಪೂರ್ತಿ ಕೇಳಿಸಿಕೊಂಡಳು. ಫೋನು ಇಟ್ಟ ಮೇಲೆ, "ಯಾವೂರವ್ವ ತಂಗಿ?" ಎಂದಳು.

"ಯಲಬುರ್ಗಾ."

"ನಾ ಹುಟ್ಟಿದ್ದು ಹನಮಸಾಗರ," ಎಂದಳು. "ನನ್ನ ಊರಂದ್ರ ಇದ, ಬೆಂಗಳೂರು."

ಅರವತ್ತರ ಆಸುಪಾಸು ವಯಸ್ಸು, ಕಡ್ಡಿಯಂಥ ಮೈ, ಬಾಯಿ ಮಾತ್ರ ಗಟ್ಟಿ. ಗಂಡನ ಜೊತೆ ಸಿಮೆಂಟಿನ ಬುಟ್ಟಿ ಹೊರಲು ಬೆಂಗಳೂರಿಗೆ ಬಂದವಳು. ಗಂಡ ಯಾವುದೋ ಕಟ್ಟಡದ ಸಾರವೆಯಿಂದ ಬಿದ್ದು ಸತ್ತ. ಮಕ್ಕಳಿಲ್ಲ. ನಾವಿದ್ದ ಕಟ್ಟಡಕ್ಕೆ ಪಾಯ ತೋಡುವಾಗಿನಿಂದ ಅದೇ ಜಾಗದ ತಗಡಿನ ಶೆಡ್ಡಿನಲ್ಲಿ ಇದ್ದಳು. ಕಟ್ಟಿ ಮುಗಿದು ನಾವೆಲ್ಲ ಒಳಗೆ ಬಂದೆವು, ಆಕೆಯನ್ನು ಹೊರಗೆ ಕಳಿಸಿದರು. ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದು, ತಾನೇ ಕಟ್ಟಿದ ಮೆಟ್ಟಿಲುಗಳನ್ನು ಒರೆಸುವ ಕೆಲಸಕ್ಕೆ ಸೇರಿಕೊಂಡಳು. ನಾನು ಆಕೆಯನ್ನು ದೊಡ್ಡವ್ವ ಎಂದು ಕರೆಯತೊಡಗಿದೆ.

ಎಲ್ಲರೆದುರು ಕರೆಯುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಇಬ್ಬರೇ ಇದ್ದಾಗ ದೊಡ್ಡವ್ವ, ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ "ಅಮ್ಮ, ಇಲ್ಲೊಂಚೂರು ಒರೆಸಿಬಿಡಿ" ಎಂಬ ಬೆಂಗಳೂರು ಕನ್ನಡ. ಒಂದು ದಿನ ಆಕೆಯೇ ಹೇಳಿದಳು: "ತಂಗಿ, ಮಂದಿ ಇದ್ದಾಗ ದೊಡ್ಡವ್ವ ಅಂದ್ರೂ ನನಗೇನ ಬ್ಯಾಸರಿಲ್ಲಬೇ." ನಾನು ನಕ್ಕು ಬಿಟ್ಟೆ. ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಬೆಂಗಳೂರಿನ ಬಗ್ಗೆ ಆಕೆ ಅಭಿಪ್ರಾಯ ಹೇಳದ ಸಂಗತಿ ಇರಲಿಲ್ಲ. ಬಾಗಿಲಿನ ನಡುವಿನ ಗಾಜಿನ ತೂತು ನೋಡಿ, "ಈ ಊರಾಗ ಬಾಗಲಕ್ಕ ಕಣ್ಣದಾವ, ಮಂದಿಗಿಲ್ಲ" ಎನ್ನುತ್ತಿದ್ದಳು. ಬೆಳಿಗ್ಗೆ ಕೈ ಬೀಸಿಕೊಂಡು ಕಟ್ಟಡ ಸುತ್ತುವವರನ್ನು ಕಂಡರೆ, "ಹಾಲಿನ ಪಾಕೀಟು ತರಾಕ ಕೆಳಗ ಇಳಿಯಂಗಿಲ್ಲ, ಯಾರರ ಗಾಡಿ ಮ್ಯಾಲ ತಂದು ಬಾಗಲದಾಗ ಇಡಬೇಕು. ಆಮ್ಯಾಗ ಗಾಣದ ಎತ್ತಿನಂಗ ತಿರಗತಾರ" ಎಂದು ಗೊಣಗುತ್ತಿದ್ದಳು. ಕುಡಿಯುವ ನೀರಿಗೆ ಟ್ಯಾಂಕರು, ಈಜುವ ಕೊಳ ಮಾತ್ರ ತುಂಬಿರಬೇಕು, ಅದಕ್ಕೆ ಬೇರೆ ಬೈಗುಳ.

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಎದುರಿಗೆ ಸಿಕ್ಕವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುವ ಅಭ್ಯಾಸ. ಒಮ್ಮೆ ದೊಡ್ಡವ್ವನನ್ನೂ ಕೇಳಿದರು. "ಆಗಿಲ್ರಿ" ಎಂದಳು. ಅವರು ಲಿಫ್ಟಿನೊಳಗೆ ಹೋದರು. ಈಕೆ ಕಾಲು ಅಡ್ಡ ಇಟ್ಟು ಬಾಗಿಲು ಮುಚ್ಚದಂತೆ ಹಿಡಿದು, "ಆಗಿಲ್ರೀ ಅಂದೆ. ಹಾಕ್ತೀರೇನು?" ಎಂದಳು. ಆಮೇಲೆ ನನ್ನ ಹತ್ತಿರ ಬಂದು ಸಿಟ್ಟು ಕಾರಿಕೊಂಡಳು. "ಹಾಕದಿದ್ರ ಹೋಗ್ಲಿ, ಕೇಳಿದ ಮ್ಯಾಲ ನಿಂತು ಕೇಳಬೇಕಿಲ್ಲೋ? ಕೇಳಾಕ ಏನ ಖರ್ಚ ಬೀಳತೈತಿ?"

ಇಷ್ಟು ಬೈಯುವವಳು ಊರಿಗೆ ಯಾಕೆ ಹೋಗುವುದಿಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. ಕಣ್ಣು ಕೆಕ್ಕರಿಸಿ ನೋಡಿದಳು. "ಹನಮಸಾಗರದಾಗ ನೀರು ಕೇಳಿದ್ರ ಮೊದಲ ಅಡ್ಡಹೆಸರು ಕೇಳ್ತಾರಬೇ. ಇಲ್ಲಿ ಸಿಟಿ ಬಸ್ಸಿನ್ಯಾಗ ಬಾಜು ಕುಂತಾವ ಮೂವತ್ತು ವರ್ಷ ಆತು, ಯಾರ ಪೈಕಿ ಅಂತ ಒಂದಿನ ಕೇಳಿಲ್ಲ. ಬೈತೀನಿ, ನಾ ಕಟ್ಟಿದ ಊರು, ಬೈತೀನಿ. ನೀ ಬಿಟ್ಟ ಹೋಗು ಅನಬ್ಯಾಡ."

ನಾ ಕಟ್ಟಿದ ಊರು ಎಂದದ್ದು ಜಂಬವಲ್ಲ. ನಾಲ್ಕನೇ ಮಹಡಿಯಲ್ಲಿ ನಮ್ಮ ಗೋಡೆ ಒದ್ದೆಯಾಗಿ ಬಣ್ಣ ಉದುರತೊಡಗಿತ್ತು. ನಲ್ಲಿ ರಿಪೇರಿಯವರು ಮೂರು ಸಲ ಬಂದು ಬಚ್ಚಲಿನ ಟೈಲ್ಸೆಲ್ಲ ಒಡೆದರು, ಸೋರುವುದು ನಿಲ್ಲಲಿಲ್ಲ. ದೊಡ್ಡವ್ವ ಬಂದು ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ಮೂಲೆಯವರೆಗೂ ಹೋದಳು. ಚಾವಣಿಯ ಕಡೆ ಬೆರಳು ತೋರಿಸಿ, "ಇಲ್ಲಿ ನೋಡ್ರಿ. ಈ ಸ್ಲ್ಯಾಬು ಹಾಕೋ ದಿನ ಮಳಿ ಹತ್ತಿತ್ತು. ಅರ್ಧಕ್ಕ ಬಿಟ್ಟು ಮರುದಿನ ಕೂಡಿಸಿದ್ವಿ. ಕೂಡಿಸಿದ ಜಾಗ ಇದ" ಎಂದಳು. ಅಲ್ಲೇ ಕೆರೆದು ನೋಡಿದರು, ಕೂದಲೆಳೆಯಷ್ಟು ಬಿರುಕು, ನೀರು ಅಲ್ಲಿಂದಲೇ ಇಳಿಯುತ್ತಿತ್ತು. ಸಂಘದ ಫೋನ್ ಗುಂಪಿನಲ್ಲಿ ನಲ್ಲಿ ರಿಪೇರಿಯವರಿಗೆ ಎಲ್ಲರೂ ಹೂಗುಚ್ಛದ ಚಿತ್ರ ಕಳಿಸಿ ಧನ್ಯವಾದ ಹೇಳಿದರು. ನಾನೂ ಕಳಿಸಿದೆ.

ಆ ವರ್ಷವೇ ಸಂಘ ಒಂದು ನಿಯಮ ಮಾಡಿತು. ಕೆಲಸದವರು ಮುಂದಿನ ಲಿಫ್ಟು ಹತ್ತಬಾರದು, ಹಿಂದೆ ಕಸ ಸಾಗಿಸುವ ಲಿಫ್ಟಿನಲ್ಲೇ ಓಡಾಡಬೇಕು. ನಾಯಿಗಳು ಮುಂದಿನದರಲ್ಲಿ ಹೋಗಬಹುದು. "ನಾಯಿ ಮ್ಯಾಲ ನನಗ ಸಿಟ್ಟಿಲ್ಲಬೇ," ಎಂದಳು ದೊಡ್ಡವ್ವ. "ಅದಾದ್ರೂ ಬಾಲಾ ಅಳ್ಳಾಡಸತೈತಿ." ಆ ನಿಯಮದ ಕನ್ನಡ ಪ್ರತಿಯನ್ನು ಬರೆದುಕೊಟ್ಟವಳು ನಾನು. ಸಂಘದಲ್ಲಿ ಕನ್ನಡ ಬರೆಯಲು ಬರುವವಳು ನಾನೊಬ್ಬಳೇ ಎಂದು ನನ್ನನ್ನು ಸಮಿತಿಗೆ ಸೇರಿಸಿಕೊಂಡಿದ್ದರು. ನವೆಂಬರಿನಲ್ಲಿ ಭಾಷಣ ಬರೆಯುವುದು, ಉಳಿದ ತಿಂಗಳು ಕೆಲಸದವರಿಗೆ ಸೂಚನೆ ಬರೆಯುವುದು.

ಏಳನೇ ಮಹಡಿಯಲ್ಲಿ ಒಬ್ಬ ಅಜ್ಜ ಇದ್ದರು. ನಿಯಮ ಬಂದ ಮೇಲೂ ದೊಡ್ಡವ್ವ ಕಂಡರೆ ಮುಂದಿನ ಲಿಫ್ಟಿನ ಬಾಗಿಲು ಕೈಯಲ್ಲಿ ಹಿಡಿದು, "ಬಾಮ್ಮ, ಯಾರು ಏನಂತಾರೆ ನೋಡೋಣ" ಎಂದು ಕರೆಯುತ್ತಿದ್ದ ಒಬ್ಬರೇ ಒಬ್ಬರು. ಒಂದು ಬೆಳಿಗ್ಗೆ ಅವರು ತೀರಿಕೊಂಡರು. ಫೋನ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಒಂದರ ಹಿಂದೊಂದು ಬಂದವು. ಕೈ ಮುಗಿದವರು ಯಾರೂ ಏಳನೇ ಮಹಡಿಗೆ ಹೋಗಲಿಲ್ಲ. ಶವವನ್ನು ಹಿಂದಿನ ಗೇಟಿನಿಂದ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಒಯ್ಯಬೇಕೆಂದು ಕಾರ್ಯದರ್ಶಿ ಸೂಚಿಸಿದರು. ಮನೆಯಲ್ಲಿ ಅಜ್ಜಿ, ಮೈಸೂರಿನಿಂದ ಬಂದ ಮಗಳು, ಇಬ್ಬರೇ. ಅಜ್ಜಿ ಅತ್ತಿರಲಿಲ್ಲ. ಬಂದವರಿಗೆ ಕುರ್ಚಿ ಎಲ್ಲಿ ಹಾಕಬೇಕೆಂದು ಓಡಾಡುತ್ತಿದ್ದರಂತೆ, ಬಂದವರೇ ಇಲ್ಲ.

ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ರೊಟ್ಟಿ ಒಯ್ಯಬೇಕು. ದೊಡ್ಡವ್ವ ಕೋಣೆಗೆ ಓಡಿಹೋಗಿ ರೊಟ್ಟಿ ಬಡಿದು, ಝುಣಕ ಮಾಡಿಕೊಂಡು, ಬಟ್ಟೆಯಲ್ಲಿ ಕಟ್ಟಿ ಏಳನೇ ಮಹಡಿಗೆ ಬಂದಳು. ಬಾಗಿಲ ಹೊರಗೆ ನೆಲದ ಮೇಲೆ ಕೂತು, ಸೆರಗು ತಲೆಗೆ ಎಳೆದುಕೊಂಡು, ದನಿ ತೆಗೆದಳು.

"ಲಿಫ್ಟಿನ ಬಾಗಲಾ ಹಿಡದು ನಿಲ್ಲಾವ ಹೋದ್ಯಲ್ಲೋ ನನ್ನಪ್ಪಾ, ಇನ್ನ ಯಾರ ಬಾ ಅಂತಾರೋ ನನ್ನಪ್ಪಾ, ಏಳು ಅಂತಸ್ತ ಏರಿ ಕುಂತಾವ ಹೇಳದ ಇಳದ್ಯಲ್ಲೋ ನನ್ನಪ್ಪಾ..."

ನಾಲ್ಕನೇ ಮಹಡಿಯವರೆಗೂ ಕೇಳಿಸಿತು. ನಾನು ಮೆಟ್ಟಿಲು ಹತ್ತಿ ಹೋದೆ, ಆರನೇ ಮಹಡಿಯ ತಿರುವಿನಲ್ಲಿ ನಿಂತೆ. ಮೇಲಿನ ಬಾಗಿಲುಗಳು ಒಂದೊಂದಾಗಿ ತೆರೆದು ಒಂದೊಂದಾಗಿ ಮುಚ್ಚಿಕೊಂಡವು. ಅಜ್ಜಿ ಮಾತ್ರ ಹೊರಗೆ ಬಂದರು. ದೊಡ್ಡವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಆಕೆಯ ಭುಜಕ್ಕೆ ತಲೆ ಕೊಟ್ಟು, ಆ ದಿನ ಮೊದಲ ಸಲ ಅತ್ತರು. ಮುಂದೆ ಎಷ್ಟೋ ಹೊತ್ತು ಇಬ್ಬರೂ ಕೂಡಿ ಅತ್ತರು. ನಾನು ಇನ್ನೊಂದು ಹನ್ನೆರಡು ಮೆಟ್ಟಿಲು ಹತ್ತಿದ್ದರೆ ಮೂವರಾಗುತ್ತಿದ್ದೆವು.

ಅಜ್ಜಿಯನ್ನು ಮಗಳು ಅದೇ ವಾರ ಮೈಸೂರಿಗೆ ಕರೆದೊಯ್ದಳು. ಅವರು ಇದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ ಎಂದು ನಾನು ನನಗೇ ಹೇಳಿಕೊಳ್ಳುತ್ತೇನೆ. ಸಮಿತಿ ಸೇರಿತು. ಕಿರುಚಾಟ, ಮನೆಯಲ್ಲಿದ್ದ ಸಣ್ಣ ಮಕ್ಕಳು ಹೆದರಿದವು, ಮನೆ ನೋಡಲು ಬಂದಿದ್ದ ಗಿರಾಕಿ ವಾಪಸು ಹೋದ, ಇದೇನು ಹಳ್ಳಿಯೇ ಎಂದು ಒಬ್ಬರು. "ವಯಸ್ಸಾಯ್ತು ಪಾಪ, ಊರಿಗೆ ಹೋಗಿ ಆರಾಮಾಗಿರಲಿ" ಎಂದರು ಕಾರ್ಯದರ್ಶಿ. ಆ ಪಾಪ ಎನ್ನುವ ಶಬ್ದ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಒಬ್ಬಳ ಅನ್ನ ಕಿತ್ತುಕೊಂಡು ಅದರ ಮೇಲೆ ಕರುಣೆಯ ಮುಚ್ಚಳ ಇಡುವ ಶಬ್ದ ಅದು. ಮೈ ಆವತ್ತೇ ಉರಿಯಬೇಕಿತ್ತು. ಆವತ್ತು ನಾನು ಪೆನ್ನು ತೆಗೆದು ಬರೆದೆ: "ಸದರಿ ಮಹಿಳೆಯು ಅನುಮತಿಯಿಲ್ಲದೆ ಏಳನೇ ಮಹಡಿಯಲ್ಲಿ ಕುಳಿತು ನಿವಾಸಿಗಳ ನೆಮ್ಮದಿಗೆ ಭಂಗ ತಂದಿರುವುದರಿಂದ ಇನ್ನು ಮುಂದೆ ಅವರ ಸೇವೆಯ ಅಗತ್ಯವಿರುವುದಿಲ್ಲ." ಟೈಪು ಮಾಡಿಸಿ ಕಾರ್ಯದರ್ಶಿಯ ಸಹಿ ಹಾಕಿಸಿದರು.

ಮರುದಿನ ದೊಡ್ಡವ್ವ ನಮ್ಮ ಮನೆಗೆ ಬಂದಳು. ಮುಂದಿನ ಲಿಫ್ಟಿನಲ್ಲಿ ಬಂದಳು. "ಕೆಲಸಾನ ಹೋತಲ್ಲ, ಇನ್ಯಾಕ ಹಿಂದಿನದು?" ಎನ್ನುತ್ತ ಒಳಗೆ ಬಂದು ನೆಲದ ಮೇಲೆ ಕೂತು, ಸೆರಗಿನ ಗಂಟಿನಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ಏನ ಬರದಾರ ಓದು ತಂಗಿ. ವಾಚಮನ್ ಹೇಳ್ಯಾನ, ಆದ್ರ ನಿನ್ನ ಬಾಯಿಂದ ಕೇಳಬೇಕು."

ನಾನು ಬರೆದದ್ದನ್ನು ನಾನೇ ಓದಿದೆ. ಸದರಿ ಮಹಿಳೆ ಎಂಬಲ್ಲಿ ಕೆಮ್ಮಿ ಮುಂದೆ ಹೋದೆ.

"ಭಾಳ ಛಲೋ ಬರದಾರ," ಎಂದಳು. "ಬೈದದ್ದ ಗೊತ್ತಾಗಂಗಿಲ್ಲ."

ಬರೆದವರು ಯಾರೆಂದು ಕೇಳಲಿಲ್ಲ. ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕಾಗದವನ್ನು ವಾಪಸು ಸೆರಗಿಗೆ ಗಂಟು ಹಾಕಿಕೊಂಡು, "ನಾನೂ ಒಂದು ಬರೀತೀನಿ. ನಾ ಹೇಳ್ತೀನಿ, ನೀ ಬರಿ. ನಾ ಅಂದದ್ದನ್ನ ಅಂದಂಗ ಬರಿ, ನಿಮ್ಮ ಆಫೀಸಿನ ಕನ್ನಡ ಹಚ್ಚಬ್ಯಾಡ. ನೀ ಅವರ ಸಭಾದಾಗ ಅದಿಯಲ್ಲ, ಎದ್ದು ನಿಂತು ಓದಿಬಿಡು" ಎಂದಳು. ನಾನು ಹೂಂ ಎಂದೆ. ಆಕೆ ಹೇಳಿದಳು, ನಾನು ಬರೆದೆ. ನನ್ನ ಮಗಳ ಬಣ್ಣದ ಡಬ್ಬಿಯ ನೀಲಿಯಲ್ಲಿ ಬೆರಳು ಅದ್ದಿ ಹೆಬ್ಬೆಟ್ಟು ಒತ್ತಿದಳು.

ಮುಂದಿನ ಸಭೆಯಲ್ಲಿ ಕಾಗದ ನನ್ನ ಚೀಲದಲ್ಲಿತ್ತು. ಹೊರಗೋಡೆಗೆ ಯಾವ ಬಣ್ಣ ಎಂಬ ಚರ್ಚೆ ಎರಡು ತಾಸು ನಡೆಯಿತು. "ಇನ್ನೇನಾದರೂ ವಿಷಯ?" ಎಂದು ಕಾರ್ಯದರ್ಶಿ ಕೇಳಿದಾಗ ಎಲ್ಲರೂ ಸುತ್ತ ನೋಡಿದರು. ನಾನು ಚೀಲದ ಜಿಪ್ಪಿನ ಮೇಲೆ ಕೈ ಇಟ್ಟು ಕೂತಿದ್ದೆ. ನೌಕರಿ ಹೋಗುವ ಭಯವೇ? ಇಲ್ಲ. ಯಾರಾದರೂ ಹೊಡೆಯುತ್ತಿದ್ದರೇ? ಇಲ್ಲ. ಐತಿ, ಅದೀನಿ, ಹೋಗ್ರಿ, ಬರ್ರಿ ಎಂದು ಅವರೆದುರು ಎದ್ದು ನಿಂತು ಓದಬೇಕಿತ್ತಲ್ಲ, ಅದಕ್ಕೆ. ನಾನು ಯಾವ ಕಡೆಯವಳೆಂದು ಅವರಿಗೆ ಗೊತ್ತಿತ್ತು, ಆದರೆ ಮರೆತಿದ್ದರು. ಮರೆತದ್ದು ನನಗೆ ಹಿತವಾಗಿತ್ತು. ಇಷ್ಟೇ ಕಾರಣ. ಇಷ್ಟು ಸಣ್ಣ ಕಾರಣಕ್ಕೆ ಮನುಷ್ಯರು ಇಷ್ಟು ದೊಡ್ಡ ಹೇಡಿತನ ಮಾಡುತ್ತಾರೆ.

ಕೋಣೆಯ ಬಾಡಿಗೆ ಕಟ್ಟಲಾಗದೆ ದೊಡ್ಡವ್ವ ಹನುಮಸಾಗರಕ್ಕೆ ಬಂದಳು. ಒಂದು ವರ್ಷದ ಮೇಲೆ ನನಗೂ ಕೊಪ್ಪಳಕ್ಕೆ ವರ್ಗವಾಯಿತು. ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಅಕಸ್ಮಾತ್ ಸಿಕ್ಕಳು. ಸೊರಗಿದ್ದಳು. ಇಬ್ಬರೂ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಪಕ್ಕದಲ್ಲಿ ಕೂತ ಮುದುಕ ಬೆಂಗಳೂರಿಗೆ ಹೋಗಿ ಬಂದ ಕಥೆ ಹೇಳುತ್ತ, ಅದೊಂದು ಊರೇನು, ಥೂ, ಎಂದ. ದೊಡ್ಡವ್ವ ತಿರುಗಿ ಬಿದ್ದಳು. "ಎಷ್ಟ ದಿನಾ ಇದ್ದಿ ಯಪ್ಪಾ? ನಾಕ ದಿನ? ಸುಮ್ಮ ಕುಂದರು. ಅಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು, ಇಲ್ಲಿ ಮುಂಜಾನಿಂದ ಕುಂತೀನಿ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು: "ನನ್ನ ಕಾಗದಕ್ಕ ಏನಂದ್ರು ತಂಗಿ?"

"ವಿಚಾರ ಮಾಡ್ತೀವಿ ಅಂದಾರ ದೊಡ್ಡವ್ವ," ಎಂದೆ ನಾನು.

"ಮಾಡ್ಲಿ ಬಿಡು. ಬಣ್ಣ ಹಚ್ಚಾಕ ವರ್ಷಗಟ್ಲೆ ವಿಚಾರ ಮಾಡೋ ಮಂದಿ," ಎಂದಳು. ಮುಖ ಅರಳಿತ್ತು. ನನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಅಣ್ಣನ ಮಗನ ನಂಬರನ್ನು ನನಗೆ ಕೊಟ್ಟು ಬಸ್ಸು ಹತ್ತಿದಳು.

ಮಣ್ಣು ಮುಗಿದ ಮೇಲೆ ಆಕೆಯ ಅಣ್ಣನ ಮಗ ನನ್ನನ್ನು ಬಸ್ಸಿಗೆ ಬಿಡಲು ಬಂದ. ಸಂಕೋಚದಿಂದಲೇ ಕೇಳಿದ: "ಬೆಂಗಳೂರಿಂದ ಏನರ ಬರೂದಿತ್ತೇನ್ರಿ ಅಕ್ಕಾರ? ಕುಷ್ಟಗ್ಯಾಗ ನೀವು ಸಿಕ್ಕು ಎರಡು ವರ್ಷ ಆತು, ಆವತ್ತಿಂದ ನಾ ಹೊಲಕ್ಕ ಹೊಂಟ್ರ ಫೋನ್ ಮನ್ಯಾಗ ಇಟ್ಟ ಹೋಗು ಅಂತಿದ್ಲು. ಬಟ್ಟಿ ಅರಬಿ ಚೀಲ ಕಟ್ಟಿ ಬಾಗಲಾ ಹಿಂದ ಇಟ್ಕೊಂಡಿದ್ಲು. ಯಾರ ಫೋನ್ ಬಂದ್ರೂ ಬೆಂಗಳೂರಾವರೇನು, ಅವರೇನು ಅನ್ನಾಕಿ. ನಿನ್ನಿ ತನಾನೂ ಕೇಳಿದ್ಲರಿ."

ಏನೂ ಬರುವುದಿರಲಿಲ್ಲ ಎಂದು ಅವನಿಗೆ ಹೇಳಲು ನನ್ನಿಂದ ಆಗಲಿಲ್ಲ.

ಆ ಕಾಗದ ಇನ್ನೂ ನನ್ನ ಹತ್ತಿರವೇ ಇದೆ. ಎದ್ದು ನಿಂತು ಓದಬೇಕಾದಲ್ಲಿ ಓದಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಆಕೆ ಅಂದದ್ದನ್ನು ಅಂದ ಹಾಗೆ.

"ಸಂಘದ ಹಿರ್ಯಾರಿಗೆ. ನಾ ಅತ್ತದ್ದು ಖರೆ. ನಿಮಗ ಕೇಳಿಸಿದ್ದೂ ಖರೆ. ಸತ್ತವರ ಬಾಗಲದಾಗ ಅಳಲಾರದ ಮತ್ತೆಲ್ಲಿ ಅಳಬೇಕು ಹೇಳ್ರಿ, ಅಲ್ಲಿ ಹೋಗಿ ಅಳ್ತೀನಿ. ನಿಮ್ಮ ಮನ್ಯಾಗೂ ಒಂದಿನ ಯಾರರ ಹೋಗ್ತಾರ. ಯಾರೂ ಸಾಯಲಾರದಂಥ ಮನಿ ಕಟ್ಟಾಕ ನನಗ ಬರಂಗಿಲ್ಲ, ಬಂದಿದ್ರ ಕಟ್ಟಿಕೊಡತಿದ್ದೆ. ನಿಮ್ಮ ಲಿಫ್ಟಿನ ಗುಂಡಿ ತೋಡುವಾಗ ಅದರಾಗ ಮೊದಲ ಇಳಿದಾಕಿ ನಾ, ಆವಾಗ ಮುಂದಿನದು ಹಿಂದಿನದು ಅಂತ ಯಾರೂ ಹೇಳಲಿಲ್ಲ. ನನ್ನ ಕೆಲಸ ನನಗ ಕೊಡ್ರಿ. ಇನ್ನ ಮ್ಯಾಲ ಸಣ್ಣ ದನಿಲೆ ಅಳ್ತೀನಿ. ನಿನ್ನ ಊರಿಗೆ ಹೋಗು ಅಂತೀರಂತ. ನಾ ಇಲ್ಲಿಗೆ ಬಂದಾಗ ನಿಮ್ಮ ಗೇಟು ಇರಲಿಲ್ಲ, ರಸ್ತಾ ಇರಲಿಲ್ಲ, ನಾಕ ನೀಲಗಿರಿ ಗಿಡ ಇದ್ದವು. ನಾ ನನ್ನ ಊರಾಗ ಅದೀನಿ. ನೀವು ಯಾವಾಗ ಬಂದ್ರಿ?"